ಕೈಗೆಟುಕದ ಮಾಡಿನ ದೋಣಿ: ಗಿಡ, ಕಸ ತೆಗೆಯುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಲೆನಾಡು, ಕರಾವಳಿಯ ಹಂಚಿನ ಮನೆ, ಶೀಟ್ ಮಾಡಿನ ಮನೆಗಳಲ್ಲಿ ಇರುವವರಿಗಾಗಿ ಈ ಪುಟ. ಮಾಡು ಅಂದರೆ ಚಾವಣಿ; ದೋಣಿ ಅಂದರೆ ಮಾಡಿನಿಂದ ಇಳಿಯುವ ಮಳೆನೀರನ್ನು ಹಿಡಿದು ಪೈಪಿಗೆ ಸೇರಿಸುವ ಉದ್ದನೆಯ ಕಾಲುವೆ. ಜಗಲಿ ಮುಂದಿನ ದೋಣಿಯನ್ನು ಸ್ಟೂಲ್ ಹಾಕಿಕೊಂಡು ಯಾರಾದರೂ ತೆಗೆಯುತ್ತಾರೆ. ತೊಂದರೆ ಕೊಡುವುದು ಉಳಿದವು: ಎರಡು ಮಾಡು ಸೇರುವ ಒಳಮೂಲೆ, ಬಾವಿಯ ಮೇಲಿನ ಅಂಚು, ಹಿಂದಿನ ಧರೆ (ಕಡಿದ ಮಣ್ಣಿನ ದಿಬ್ಬ) ಕಡೆಯ ಸೂರು, ಮಹಡಿಯ ಮೇಲಿನ ಶೀಟಿಗೂ ಗೋಡೆಗೂ ನಡುವಿನ ಸಂದು. ಅವುಗಳ ಬಗ್ಗೆಯೇ ಇಲ್ಲಿ ಜಾಸ್ತಿ ಬರೆದಿದ್ದೇನೆ.

ವರ್ಷದಲ್ಲಿ ಯಾವಾಗ ತೆಗೆಯುವುದು ಒಳ್ಳೆಯದು?

ಏಪ್ರಿಲ್ ಕೊನೆಯಿಂದ ಮೇ ಮಧ್ಯದೊಳಗೆ ಒಮ್ಮೆ ಪೂರ್ತಿ ತೆಗೆಯಬೇಕು. ಮಾರ್ಚ್‌ನಲ್ಲೇ ತೆಗೆದರೆ ಆಮೇಲೆ ಉದುರುವ ಎಲೆ, ಮಾವಿನ ಹೂವಿನ ಪುಡಿ ಎಲ್ಲ ಮತ್ತೆ ತುಂಬುತ್ತವೆ. ರೋಹಿಣಿ ಮಳೆ ಬರಲಿ ನೋಡೋಣ ಅಂತ ಕೂತರೆ ತಡವಾಯಿತು. ಕಸ ನೆನೆದು ಭಾರವಾಗುತ್ತದೆ, ಹಂಚು ಜಾರುತ್ತದೆ, ಕೆಲಸದವರೆಲ್ಲ ತೋಟಕ್ಕೆ ಔಷಧಿ ಹೊಡೆಯುವ ಕಡೆ ಹೋಗಿರುತ್ತಾರೆ.

ಒಣಗಿದ ಕಸ ಹಗುರ. ಕೋಲಿನಲ್ಲಿ ಎಳೆದರೂ ಬರುತ್ತದೆ. ಅದೇ ಕಸ ಮಳೆಗೆ ನೆನೆದು, ಮಣ್ಣಾಗಿ, ಬೇರು ಹಿಡಿದ ಮೇಲೆ ಕೈಯಲ್ಲಿ ಬಗೆದೇ ತೆಗೆಯಬೇಕು. ಅಂದರೆ ಯಾರಾದರೂ ಮೇಲೆ ಹತ್ತಲೇಬೇಕಾಗುತ್ತದೆ. ಮೇ ತಿಂಗಳ ಕೆಲಸವನ್ನು ಜುಲೈಗೆ ತಳ್ಳಿದರೆ ಖರ್ಚಿಗಿಂತ ಅಪಾಯ ಜಾಸ್ತಿ.

ಪುನರ್ವಸು, ಪುಷ್ಯ ಮಳೆಯ ನಡುವೆ, ಅಂದರೆ ಜುಲೈನಲ್ಲಿ, ಮಳೆ ಬಿಟ್ಟು ಹೊಳವಾದಾಗ ಒಮ್ಮೆ ನೆಲದಿಂದಲೇ ನೋಡಿ. ಹಲಸು, ಗಾಳಿಮರ, ಅಕೇಶಿಯಾ ಪಕ್ಕದಲ್ಲಿರುವ ಮನೆಗೆ ಈ ಎರಡನೇ ನೋಟ ಬಿಡುವ ಹಾಗಿಲ್ಲ.

ದೋಣಿ ಕಟ್ಟಿದೆ ಅಂತ ಕೆಳಗಿನಿಂದಲೇ ಗೊತ್ತಾಗುತ್ತದಾ?

ಗೊತ್ತಾಗುತ್ತದೆ. ಮಳೆ ಬರುವಾಗ ಪೈಪಿನ ಬಾಯಲ್ಲಿ ನೀರು ಕಡಿಮೆ, ದೋಣಿಯ ಅಂಚಿನಿಂದ ಜಾಸ್ತಿ ಸುರಿಯುತ್ತಿದ್ದರೆ ಕಟ್ಟಿದೆ ಅಂತಲೇ ಅರ್ಥ. ಮಳೆ ನಿಂತು ಗಂಟೆಗಟ್ಟಲೆ ಆದರೂ ತೊಟ್ಟಿಕ್ಕುತ್ತಿದ್ದರೆ ಒಳಗೆ ಕಸ ನೀರು ಹಿಡಿದುಕೊಂಡಿದೆ. ಬೇಸಿಗೆಯಲ್ಲಾದರೆ ಅಂಚಿನಿಂದ ಇಣುಕುವ ಹಸಿರು ನೋಡಿ. ಗೋಡೆಯ ಮೇಲ್ಭಾಗದಲ್ಲಿ ಉದ್ದಕ್ಕೆ ಹಸಿರು ಪಟ್ಟಿ ಬಿದ್ದಿದ್ದರೆ ಹೋದ ಮಳೆಗಾಲದಲ್ಲೇ ಉಕ್ಕಿ ಹರಿದಿದೆ.

ಒಳಗೆ ಕಾಣದಿದ್ದರೆ ಮೊಬೈಲನ್ನು ಉದ್ದ ಕೋಲಿನ ತುದಿಗೆ ಭದ್ರವಾಗಿ ಕಟ್ಟಿ, ವಿಡಿಯೋ ಆನ್ ಮಾಡಿ ಮೇಲೆತ್ತಿ. ಮೂಲೆಯಿಂದ ಮೂಲೆಗೆ ನಿಧಾನವಾಗಿ ಸರಿಸಿ, ಇಳಿಸಿ ನೋಡಿ. ಎಲ್ಲಿ ಕಸ, ಎಲ್ಲಿ ಗಿಡ, ಎಲ್ಲಿ ಒಡೆದ ಹಂಚಿನ ಚೂರು ಅಂತ ಎಲ್ಲ ಸಿಗುತ್ತದೆ. ಏಣಿ ಇಡುವ ಮೊದಲು ಇದನ್ನು ಮಾಡಿದರೆ ಎಷ್ಟೋ ಸಲ ಏಣಿಯೇ ಬೇಡವಾಗುತ್ತದೆ.

ಸ್ವಲ್ಪ ಕಸ ಇದ್ದರೆ ಏನಾಗುತ್ತದೆ? ನೀರು ಹೇಗೂ ಹರಿಯುತ್ತದಲ್ಲ?

ಲೆಕ್ಕ ಹಾಕಿ ನೋಡಿ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್ ನೀರು. 500 ಚದರ ಅಡಿಯ ಒಂದು ಮಾಡು ಸುಮಾರು 46 ಚದರ ಮೀಟರ್. ಗಂಟೆಗೆ 50 ಮಿಲಿಮೀಟರ್ ಮಳೆ ಹೊಡೆದರೆ 2,300 ಲೀಟರ್ ನೀರು ಒಂದೇ ದೋಣಿಗೆ ಬರುತ್ತದೆ. ಅರ್ಧ ತುಂಬಿದ ದೋಣಿ ಇದನ್ನು ತಡೆಯುವುದಿಲ್ಲ.

ಭಾರವೂ ಇದೆ. ಆರು ಇಂಚು ಅಗಲ, ನಾಲ್ಕು ಇಂಚು ಆಳದ ದೋಣಿ ತುಂಬಿ ನಿಂತರೆ ಮೀಟರಿಗೆ ಸುಮಾರು 15 ಕೆ.ಜಿ. ಹತ್ತು ಮೀಟರ್ ಉದ್ದಕ್ಕೆ 150 ಕೆ.ಜಿ. ಅದನ್ನು ಹಿಡಿದಿರುವುದು ನಾಲ್ಕಾರು ಪಟ್ಟಿ, ಒಂದಿಷ್ಟು ಮೊಳೆ. ಮೊದಲು ನಡುವೆ ಜೋಲುತ್ತದೆ. ಜೋತಲ್ಲಿ ಇನ್ನಷ್ಟು ಕಸ ನಿಲ್ಲುತ್ತದೆ. ಆಮೇಲೆ ನೀರು ಹಿಂದಕ್ಕೆ ತಿರುಗಿ ಪಕಾಸಿಯ (ಮಾಡಿನ ಇಳಿಜಾರಿನ ಮರದ ತೊಲೆ) ತುದಿ, ಗೋಡೆಯ ತಲೆ ಎರಡನ್ನೂ ನೆನೆಸುತ್ತದೆ. ಪಕಾಸಿ ತುದಿ ಕೊಳೆತರೆ ದುರಸ್ತಿಗೆ ಅಂಚಿನ ಹಂಚೆಲ್ಲ ಇಳಿಸಬೇಕು.

ಸೊಳ್ಳೆಯದ್ದು ಬೇರೆ ಮಾತು. ಡೆಂಗಿ ಹರಡುವ ಈಡಿಸ್ ಸೊಳ್ಳೆ ನಿಂತ ನೀರಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು ಒಂದೂವರೆ ವಾರದೊಳಗೆ ಸಾಕು. ಮಳೆ ಬಿಟ್ಟು ಬಿಟ್ಟು ಬರುವ ದಿನಗಳಲ್ಲಿ ಮಾಡಿನ ದೋಣಿ ಅದಕ್ಕೆ ಹೇಳಿ ಮಾಡಿಸಿದ ಜಾಗ.

ಏಣಿ ಹತ್ತದೆ ನೆಲದಿಂದಲೇ ತೆಗೆಯುವ ದಾರಿ ಏನು?

ಅಡಿಕೆ ತೋಟ ಇರುವ ಮನೆಯಲ್ಲಿ ಬೇಕಾದ್ದು ಹೆಚ್ಚುಕಮ್ಮಿ ಎಲ್ಲ ಇದೆ.

ಮೊದಲನೆಯದು ದೋಟಿ, ಅಂದರೆ ಅಡಿಕೆ ಕೊಯ್ಯುವ ಉದ್ದ ಕೋಲು. ಅದರ ತುದಿಯ ಕೊನೆ (ಅಡಿಕೆ ಗೊನೆ) ಕೊಯ್ಯುವ ಕತ್ತಿ ಬಿಚ್ಚಿ, ಅಲ್ಲಿಗೆ ಅರ್ಧಚಂದ್ರದ ಹಾಗೆ ಬಗ್ಗಿಸಿದ ತಗಡನ್ನೋ ಸಣ್ಣ ಕಳೆ ಗುದ್ದಲಿಯ ತಲೆಯನ್ನೋ ಬಿಗಿಯಿರಿ. ಅದರ ಅಗಲ ದೋಣಿಗಿಂತ ಒಂದಿಂಚು ಕಡಿಮೆ ಇರಲಿ. ದೂರ ನಿಂತು ನಿಮ್ಮ ಕಡೆಗೆ ಎಳೆಯಿರಿ. ಪೈಪ್ ಇರುವ ತುದಿಯಿಂದ ಶುರುಮಾಡಿ ಆಚೆಗೆ ಹೋಗಿ, ಪೈಪಿನ ಕಡೆಗೆ ಕಸ ತಳ್ಳಬೇಡಿ.

ಪಿವಿಸಿ ದೋಣಿಗೆ ಕಬ್ಬಿಣ ತಾಗಿಸಬೇಡಿ. ಅದಕ್ಕೆ ಅಡಿಕೆ ಹಾಳೆಯೇ ಸಾಕು. ಒಂದು ದಪ್ಪ ಹಾಳೆಯನ್ನು ದೋಣಿಯ ಆಕಾರಕ್ಕೆ ಕತ್ತರಿಸಿ, ನೀರಲ್ಲಿ ಸ್ವಲ್ಪ ನೆನೆಸಿ ಬಗ್ಗಿಸಿ, ಕೋಲಿನ ತುದಿಗೆ ಎರಡು ಬೋಲ್ಟ್ ಹಾಕಿ ಬಿಗಿಯಿರಿ. ಗೀರು ಬೀಳುವುದಿಲ್ಲ, ತಳಕ್ಕೆ ಚೆನ್ನಾಗಿ ಕೂರುತ್ತದೆ. ಅಂಗಡಿಯ ಪ್ಲಾಸ್ಟಿಕ್ ಸಾಧನಕ್ಕಿಂತ ನನಗೆ ಇದೇ ಇಷ್ಟ.

ಎರಡನೆಯದು ನೀರು. ಮುಕ್ಕಾಲು ಇಂಚಿನ ಪಿವಿಸಿ ಪೈಪ್ ತಗೊಳ್ಳಿ, ದೋಣಿಯ ಎತ್ತರಕ್ಕಿಂತ ಎರಡಡಿ ಉದ್ದ ಇರಲಿ. ಮೇಲಿನ ತುದಿಗೆ ಎರಡು ಎಲ್ಬೋ ಹಾಕಿ ಕೊಡೆಯ ಹಿಡಿಯಂತೆ ಕೆಳಮುಖ ತಿರುಗಿಸಿ. ಬಾಯಿಗೆ ಕ್ಯಾಪ್ ಹಾಕಿ, ಪಕ್ಕಕ್ಕೆ ನಾಲ್ಕೈದು ಸಣ್ಣ ತೂತು ಕೊರೆಯಿರಿ. ಕೆಳಗಿನ ತುದಿಗೆ ಪಂಪಿನ ಪೈಪ್ ಜೋಡಿಸಿ. ಒಣಕಸ ಎಳೆದಾದ ಮೇಲೆ ಉಳಿದ ಮಣ್ಣನ್ನು ಇದು ತೊಳೆದುಕೊಂಡು ಹೋಗುತ್ತದೆ. ಮೊದಲೇ ನೀರು ಬಿಟ್ಟರೆ ಕಸವೆಲ್ಲ ಪೈಪಿಗೆ ಹೋಗಿ ಗಟ್ಟಿಯಾಗಿ ಕೂರುತ್ತದೆ, ಹಾಗಾಗಿ ಈ ಕ್ರಮ ತಪ್ಪಿಸಬೇಡಿ.

ಔಷಧಿ ಹೊಡೆಯುವ ಪಂಪಿನ ಒತ್ತಡವನ್ನು ಕೆಳಗಿನಿಂದ ಹಂಚಿನ ಕಡೆಗೆ ಬಿಡಬೇಡಿ. ನೀರು ಹಂಚಿನಡಿಗೆ ನುಗ್ಗಿ ಅಟ್ಟಕ್ಕೆ ಇಳಿಯುತ್ತದೆ. ಕನ್ನಡಕ, ತಲೆಗೆ ಹೆಲ್ಮೆಟ್ ಹಾಕಿಕೊಳ್ಳಿ. ದೋಣಿಯ ನೇರ ಕೆಳಗೆ ನಿಲ್ಲಬೇಡಿ, ಕಸದ ಜೊತೆ ಹಂಚಿನ ಚೂರೂ ಬರುತ್ತದೆ.

ಕಾರ್ಬನ್ ಫೈಬರ್ ದೋಟಿ ಬಳಸಬಹುದಾ? ಹತ್ತಿರದಲ್ಲೇ ಕರೆಂಟ್ ತಂತಿ ಇದೆ.

ತಂತಿ ಹತ್ತಿರ ಇದ್ದರೆ ಖಂಡಿತ ಬೇಡ. ಕಾರ್ಬನ್ ಫೈಬರ್‌ನಲ್ಲಿ ಕರೆಂಟ್ ಹರಿಯುತ್ತದೆ. ಅಲ್ಯುಮಿನಿಯಂ ದೋಟಿ, ಅಲ್ಯುಮಿನಿಯಂ ಏಣಿಯೂ ಅಷ್ಟೇ. ನೋಡಲು ಪ್ಲಾಸ್ಟಿಕ್ ತರಹ ಇರುವುದರಿಂದ ಜನ ಕಾರ್ಬನ್ ದೋಟಿಯನ್ನು ನಂಬಿಬಿಡುತ್ತಾರೆ. ಹಸಿ ಬಿದಿರಲ್ಲೂ ಕರೆಂಟ್ ಹರಿಯುತ್ತದೆ.

ಮನೆಗೆ ಬರುವ ಸರ್ವಿಸ್ ತಂತಿಯೇ ದೋಣಿಯ ಪಕ್ಕ ಹಾದಿದ್ದರೆ ಬೆಳಗ್ಗೆಯೇ ಲೈನ್‌ಮನ್‌ಗೆ ಹೇಳಿ, ಅವರು ಲೈನಿನ ಕರೆಂಟ್ ತೆಗೆದ ಮೇಲೆ ಕೆಲಸ ಮಾಡಿ. ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿಯೂ ಕೇಳಬಹುದು. ಮನೆಯೊಳಗಿನ ಮೇನ್ ಸ್ವಿಚ್ ಆಫ್ ಮಾಡಿದರೆ ಹೊರಗಿನ ತಂತಿಯ ಕರೆಂಟ್ ಹೋಗುವುದಿಲ್ಲ. ಇದನ್ನು ಮನೆಯ ಎಲ್ಲರಿಗೂ, ಕೆಲಸಕ್ಕೆ ಬರುವವರಿಗೂ ಬಾಯಿಬಿಟ್ಟು ಹೇಳಿ.

ಎರಡು ಮಾಡು ಸೇರುವ ಒಳಮೂಲೆಯ ದೋಣಿಗೆ ಯಾವ ಕೋಲೂ ಎಟುಕುವುದಿಲ್ಲ. ಏನು ಮಾಡುವುದು?

ಹಳೆ ಮನೆಗಳಲ್ಲಿ ಅತಿ ಹೆಚ್ಚು ಸೋರುವ ಜಾಗ ಇದು. ಎರಡು ಕಡೆಯ ನೀರೂ ಕಸವೂ ಇಲ್ಲಿಗೇ ಬರುತ್ತದೆ. ಅಂಚಿಗೆಂದು ಕತ್ತರಿಸಿ ಇಟ್ಟ ಹಂಚಿನ ತುಂಡುಗಳು ಜಾರಿ ತಗಡಿನ ಮೇಲೆ ಬಿದ್ದಿರುತ್ತವೆ. ಅವುಗಳ ಹಿಂದೆ ಎಲೆ ನಿಲ್ಲುತ್ತದೆ, ಎಲೆಯ ಹಿಂದೆ ಮಣ್ಣು.

ಹೊರಗಿನಿಂದ ಹೋಗುವ ಬದಲು ಒಳಗಿನಿಂದ ಹೋಗಿ. ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿತು. ಆಗಿನಿಂದ ಬಂದ ಈ ಮಂಗಳೂರು ಹಂಚುಗಳ ಒಂದು ದೊಡ್ಡ ಗುಣ ಅಂದರೆ, ರೀಪಿಗೆ (ಹಂಚಿನಡಿಯ ಅಡ್ಡ ಪಟ್ಟಿ) ಸುಮ್ನೆ ಸಿಕ್ಕಿಸಿಕೊಂಡು ಕೂತಿರುತ್ತವೆ. ಗಾರೆ ಹಾಕಿರದಿದ್ದರೆ, ಮೊಳೆ ಹೊಡೆದಿರದಿದ್ದರೆ ಒಳಗಿನಿಂದಲೇ ಬಿಡಿಸಬಹುದು.

ಅಟ್ಟಕ್ಕೆ ಹತ್ತಿ, ದೋಣಿಯ ಪಕ್ಕದ ಎರಡನೇ ಸಾಲಿಗೆ ಬನ್ನಿ. ಮೇಲಿನ ಹಂಚನ್ನು ಅಂಗೈಯಲ್ಲಿ ಸ್ವಲ್ಪ ಮೇಲಕ್ಕೆ ಸರಿಸಿ, ಕೆಳಗಿನದ್ದನ್ನು ಎತ್ತಿ ಓರೆ ಮಾಡಿ ಒಳಗೆ ತಗೊಳ್ಳಿ. ಒಂದು ಬಂದರೆ ಅಕ್ಕಪಕ್ಕದ್ದು ಸುಲಭ. ನಾಲ್ಕೈದು ಹಂಚು ತೆಗೆದರೆ ತಲೆ, ಎರಡು ಕೈ ಹೊರಗೆ ಹಾಕುವಷ್ಟು ಕಿಂಡಿ ಆಗುತ್ತದೆ. ಅಲ್ಲಿಂದ ಮೇಲಕ್ಕೂ ಕೆಳಕ್ಕೂ ಗಿಡ್ಡ ಕೋಲಿನ ಹಾಳೆಯಲ್ಲಿ ಎಳೆದು, ಕಸವನ್ನು ಬಕೆಟ್ಟಿಗೆ ತುಂಬಿ ಒಳಗಿಂದಲೇ ಇಳಿಸಿ. ದೋಣಿ ಉದ್ದ ಇದ್ದರೆ ಇನ್ನೊಂದು ಕಡೆ ಇನ್ನೊಂದು ಕಿಂಡಿ ಮಾಡಿ. ತೆಗೆದ ಹಂಚಿಗೆ ಸೀಮೆಸುಣ್ಣದಲ್ಲಿ ನಂಬರ್ ಹಾಕಿ, ಕತ್ತರಿಸಿದ ತುಂಡುಗಳು ಅದೇ ಜಾಗಕ್ಕೆ ಮಾತ್ರ ಕೂರುತ್ತವೆ. ಒಂದೆರಡು ಹಂಚು ಒಡೆಯುವುದು ಸಹಜ. ಹಳೆ ಹಂಚಿನ ದಾಸ್ತಾನು ಕೊಟ್ಟಿಗೆ ಹಿಂದೆ ಇದ್ದರೆ ಅದೇ ಕಂಪನಿಯ ಮುದ್ರೆ ನೋಡಿ ತೆಗೆದಿಟ್ಟುಕೊಳ್ಳಿ, ಬೇರೆ ಕಂಪನಿಯದ್ದು ಸರಿಯಾಗಿ ಕೂರದೆ ಇರಬಹುದು.

ಅಟ್ಟದಲ್ಲಿ ಮುಚ್ಚಿಗೆಯ ಹಲಗೆ ನಂಬಿ ಕಾಲಿಡಬೇಡಿ. ಜಂತಿಯಿಂದ ಜಂತಿಗೆ ಅಡ್ಡ ಹಲಗೆ ಹಾಕಿ ಅದರ ಮೇಲೆ ನಿಲ್ಲಿ. ಅಟ್ಟವೇ ಇಲ್ಲದ ಕೋಣೆಯಾದರೆ ಒಳಗೆ ಏಣಿ ಇಟ್ಟು ಇದೇ ಕೆಲಸ ಮಾಡಬಹುದು. ಸಮನೆಲ, ಗೋಡೆಯ ಆಸರೆ ಇರುತ್ತದೆ.

ಕೆಲಸ ಮುಗಿದ ಮೇಲೆ ತಗಡು ನೋಡಿ. ತುಕ್ಕಿನ ತೂತಿದ್ದರೆ ಒಣಗಿರುವಾಗಲೇ ಉಜ್ಜಿ, ಡಾಂಬರ್ ಟೇಪ್ ಅಂಟಿಸಿ. ಜಾಗ ಜಾಗದಲ್ಲಿ ತೂತಾಗಿದ್ದರೆ ಟೇಪಿಗೆ ದುಡ್ಡು ಹಾಕಬೇಡಿ, ತಗಡೇ ಬದಲಿಸಿ.

ತಾರಸಿ ಮೇಲೆ ಶೀಟ್ ಹಾಕಿದ್ದೇವೆ. ಶೀಟಿಗೂ ಪ್ಯಾರಾಪೆಟ್ ಗೋಡೆಗೂ ನಡುವೆ ಸಣ್ಣ ದೋಣಿ ಇದೆ.

ಕೈ ಹೋಗದಷ್ಟು ಸಣ್ಣ ಸಂದು ಬಿಟ್ಟು ಕಟ್ಟಿದ್ದೇ ಇಲ್ಲಿನ ತೊಂದರೆ. ಈಗ ಆಗಿರುವುದಕ್ಕೆ ಕಿರಿದಾದ ಹಾಳೆಯ ಕೋಲು, ಜೊತೆಗೆ ಎಲೆ ಊದುವ ಬ್ಲೋವರ್ ಸಿಕ್ಕರೆ ಒಳ್ಳೆಯದು. ಒಣಗಿರುವಾಗ ಮಾತ್ರ ಬ್ಲೋವರ್ ಉಪಯೋಗ. ಮುಂದೆ ಶೀಟ್ ಬದಲಿಸುವಾಗ ಕನಿಷ್ಠ ಒಂದಡಿ ಅಗಲ ಬಿಡಿಸಿ, ದೋಣಿಯ ಎರಡೂ ತುದಿಗೆ ಪೈಪ್ ಕೊಡಿಸಿ. ಒಂದು ಕಟ್ಟಿದರೂ ಇನ್ನೊಂದು ಕಾಯುತ್ತದೆ.

ಹತ್ತಲೇಬೇಕು ಅಂದರೆ?

ಒಬ್ಬರೇ ಹತ್ತಬೇಡಿ. ಮಳೆಯಲ್ಲಿ, ಇಬ್ಬನಿ ಆರದ ಬೆಳಗ್ಗೆ, ಗಾಳಿ ಇರುವಾಗ ಬೇಡವೇ ಬೇಡ.

ಏಣಿಯ ಬುಡ ಗೋಡೆಯಿಂದ ದೂರ ಇರಬೇಕಾದ್ದು ಎತ್ತರದ ನಾಲ್ಕನೇ ಒಂದು ಭಾಗ. 12 ಅಡಿ ಎತ್ತರಕ್ಕೆ ಒರಗಿಸಿದರೆ 3 ಅಡಿ. ಮಾಡಿಗೆ ದಾಟಬೇಕಿದ್ದರೆ ಏಣಿಯ ತಲೆ ಅಂಚಿಗಿಂತ ಮೂರಡಿ ಮೇಲಿರಲಿ. ದೋಣಿಗೆ ಒರಗಿಸಬೇಡಿ, ಅದು ಮುರಿಯುತ್ತದೆ ಅಥವಾ ಏಣಿ ಪಕ್ಕಕ್ಕೆ ಜಾರುತ್ತದೆ. ತಲೆಯನ್ನು ಹಗ್ಗದಿಂದ ಕಂಬಕ್ಕೋ ಪಕಾಸಿಗೋ ಕಟ್ಟಿ, ಬುಡವನ್ನು ಒಬ್ಬರು ಹಿಡಿದಿರಲಿ.

ಹಂಚಿನ ಮೇಲೆ ನೇರವಾಗಿ ನಡೆಯಬೇಡಿ. ಮೇಲುದ್ದಕ್ಕೆ ಒಂದು ಹಗುರ ಏಣಿ ಮಲಗಿಸಿ, ಅದನ್ನು ಆಚೆ ಬದಿಯ ಮರಕ್ಕೋ ಕಂಬಕ್ಕೋ ಹಗ್ಗದಲ್ಲಿ ಕಟ್ಟಿ. ಭಾರ ಹಂಚಿಹೋಗುತ್ತದೆ. ತಗಡಿನ ಶೀಟಾದರೆ ಸ್ಕ್ರೂ ಸಾಲಿನ ಮೇಲೆಯೇ ಕಾಲಿಡಿ, ಅದರ ಕೆಳಗೆ ಕಬ್ಬಿಣದ ಆಸರೆ ಇರುತ್ತದೆ. ಸಿಮೆಂಟ್ ಶೀಟ್, ಬೆಳಕಿಗೆಂದು ಹಾಕಿದ ಫೈಬರ್ ಶೀಟ್, ಗಾಜಿನ ಹಂಚು ಇವುಗಳ ಮೇಲೆ ಎಂದೂ ಕಾಲಿಡಬೇಡಿ. ಧೂಳು ಕೂತು ಫೈಬರ್ ಶೀಟ್ ಉಳಿದದ್ದರಂತೆಯೇ ಕಾಣುತ್ತದೆ. ಹತ್ತುವ ಮೊದಲು ಒಳಗಿನಿಂದ ನೋಡಿ, ಎಲ್ಲೆಲ್ಲಿ ಬೆಳಕು ಬರುತ್ತದೆ ಅಂತ ಗುರುತು ಹಾಕಿಕೊಳ್ಳಿ.

ಮರ ಹತ್ತುವವರ ಬೆಲ್ಟ್ ಊರಲ್ಲಿ ಸಿಗುತ್ತದೆ. ಅದರ ಹಗ್ಗವನ್ನು ಕೋಳಿನ (ಮಾಡಿನ ನೆತ್ತಿ) ಮೇಲಿಂದ ದಾಟಿಸಿ ಆಚೆ ಬದಿಯ ಗಟ್ಟಿ ಆಸರೆಗೆ ಕಟ್ಟಿ. ಹಗ್ಗ ಸಡಿಲ ಇದ್ದರೆ ಬಿದ್ದಾಗ ಪ್ರಯೋಜನವಿಲ್ಲ.

ಸಂಬಳಕ್ಕೆ ಬಂದವರು "ಏನಾಗಲ್ಲ ಅಣ್ಣಾ" ಅಂತ ಬರಿಗಾಲಲ್ಲಿ ಹತ್ತಲು ಹೊರಡುತ್ತಾರೆ. ಹಗ್ಗ ಕಟ್ಟಿದ ಮೇಲೆ ಮಾತ್ರ ಹತ್ತಿಸಿ. ಅವರ ಮನೆಯಲ್ಲೂ ಕಾಯುವವರು ಇದ್ದಾರೆ.

ದೋಣಿಯಲ್ಲಿ ಅರಳಿ ಗಿಡ ಹುಟ್ಟಿದೆ. ಕಿತ್ತರೂ ಮತ್ತೆ ಬರುತ್ತದೆ.

ಅರಳಿ, ಆಲ, ಅತ್ತಿ ಇವುಗಳ ಹಣ್ಣು ತಿಂದ ಪಿಕಳಾರ, ಕುಟುರ, ಬಾವಲಿಗಳು ಬೀಜ ಬೀಳಿಸುತ್ತವೆ. ಸಾಸಿವೆಗಿಂತ ಸಣ್ಣ ಬೀಜಕ್ಕೆ ಒಂದು ಚಿಟಿಕೆ ಹಸಿ ಮಣ್ಣು ಸಾಕು. ದೋಣಿಯ ಕಸ ಅದಕ್ಕೆ ಒಳ್ಳೆಯ ಗೊಬ್ಬರ.

ಎರಡೆಲೆ, ನಾಲ್ಕೆಲೆ ಇರುವಾಗ ಬೆರಳಲ್ಲಿ ಎಳೆದರೆ ಬರುತ್ತದೆ. ಮೊದಲ ಮಳೆ ಬಿದ್ದು ಮಣ್ಣು ನೆನೆದಾಗ ಬೇರು ಪೂರ್ತಿ ಬರುತ್ತದೆ. ಕಾಂಡ ಬೆರಳಿನಷ್ಟು ದಪ್ಪ ಆದಮೇಲೆ ಜೋರಾಗಿ ಎಳೆಯಬೇಡಿ. ಬೇರು ಹಂಚಿನಡಿಗೋ ಗಾರೆಯೊಳಗೋ ಹೋಗಿರುತ್ತದೆ. ಎಳೆದರೆ ಅದರ ಜೊತೆ ಹಂಚು, ಗಾರೆ ಎಲ್ಲ ಬರುತ್ತದೆ, ಬೇರು ಮಾತ್ರ ಒಳಗೇ ತುಂಡಾಗಿ ಉಳಿದು ಮತ್ತೆ ಚಿಗುರುತ್ತದೆ.

ದೊಡ್ಡದಾದರೆ ಮೊದಲು ರೆಂಬೆ ಕತ್ತರಿಸಿ ಭಾರ ಇಳಿಸಿ. ಸುತ್ತಲಿನ ಹಂಚು ಬಿಡಿಸಿ ಬೇರು ಎಲ್ಲಿಯವರೆಗೆ ಹೋಗಿದೆ ನೋಡಿ. ಗೋಡೆಯೊಳಗೆ ಹೋಗಿದ್ದರೆ ಸಣ್ಣ ಉಳಿಯಲ್ಲಿ ಗಾರೆ ಬಿಡಿಸುತ್ತಾ ಬೇರಿನ ಹಿಂದೆಯೇ ಹೋಗಬೇಕು. ನಿಧಾನದ ಕೆಲಸ, ಆದರೆ ಒಮ್ಮೆ ಮಾಡಿದರೆ ಮುಗಿಯಿತು. ಖಾಲಿಯಾದ ಜಾಗಕ್ಕೆ ಆವತ್ತೇ ಗಾರೆ ತುಂಬಿ. ಹಳೆ ಸುಣ್ಣದ ಗಾರೆಯ ಗೋಡೆಗೆ ಸುಣ್ಣದ ಗಾರೆಯನ್ನೇ ಹಾಕಿ. ಪೂರ್ತಿ ಬಾರದ ಬುಡವಿದ್ದರೆ ಚಿಗುರು ಕಂಡಾಗಲೆಲ್ಲ ಮುರಿಯುತ್ತಿರಿ. ಎಲೆ ಬಿಡಲು ಅವಕಾಶವೇ ಕೊಡದಿದ್ದರೆ ಬೇರು ಸೊರಗುತ್ತದೆ.

ಅಶ್ವತ್ಥ ಕೀಳಬಾರದು ಅಂತ ಹಿರಿಯರು ಹೇಳುವ ಮನೆಗಳಿವೆ. ಅವರ ಮಾತಿಗೆ ಗೌರವ ಕೊಟ್ಟೇ ದಾರಿ ಇದೆ. ಸಣ್ಣದಿರುವಾಗ ಬೇರು ಸಮೇತ ತೆಗೆದು ಚೀಲದ ಮಣ್ಣಿಗೆ ಹಾಕಿ, ಮಳೆಗಾಲದಲ್ಲಿ ಬ್ಯಾಣದ (ಹುಲ್ಲುಗಾವಲಿನ) ಅಂಚಿಗೋ ದೇವಸ್ಥಾನದ ಬಯಲಿಗೋ ನೆಡಿ. ಚೆನ್ನಾಗಿ ಹತ್ತುತ್ತದೆ. ಮನೆ, ಬಾವಿಯಿಂದ ಬಹಳ ದೂರ ನೆಡಿ. ಪೂಜೆ ಮಾಡಿ ತೆಗೆಯುತ್ತೇವೆ ಅಂದರೆ ಮಾಡಲಿ, ಆದರೆ ಗಿಡ ದೊಡ್ಡದಾಗುವ ತನಕ ಕಾಯುವುದು ಬೇಡ.

ಮೈಲುತುತ್ತ (ಕಾಪರ್ ಸಲ್ಫೇಟ್) ಮನೆಯಲ್ಲೇ ಇದೆ, ಸುರಿದರೆ ಆಗಲ್ವಾ? ಆಸಿಡ್? ಕಳೆನಾಶಕ?

ಮೂರೂ ಬೇಡ. ಮೈಲುತುತ್ತದ ತಾಮ್ರ ಸತುವಿನ ಲೇಪವನ್ನೂ ಅಲ್ಯುಮಿನಿಯಂ ಅನ್ನೂ ತಿನ್ನುತ್ತದೆ. ಗಿಡಕ್ಕಿಂತ ಮೊದಲು ನಿಮ್ಮ ತಗಡು ಹೋಗುತ್ತದೆ. ಆಸಿಡ್ ಗಾರೆ ಕರಗಿಸುತ್ತದೆ, ಸ್ಲ್ಯಾಬಿನ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಉಪ್ಪೂ ಅದೇ ಕೆಲಸ ಮಾಡುತ್ತದೆ.

ಗ್ಲೈಫೊಸೇಟ್ ಕಳೆನಾಶಕವನ್ನು ಕೀಟ ನಿಯಂತ್ರಣದ ಪರವಾನಗಿ ಇರುವವರ ಮೂಲಕ ಮಾತ್ರ ಬಳಸಬೇಕೆಂದು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆದೇಶ ಮಾಡಿದೆ. ಅದಕ್ಕಿಂತ ಮುಖ್ಯವಾಗಿ, ಮಾಡಿನ ನೀರು ಎಲ್ಲಿಗೆ ಹೋಗುತ್ತದೆ ಯೋಚಿಸಿ. ನಮ್ಮ ಕಡೆ ಅದು ಬಾವಿಯ ಪಕ್ಕ ಇಂಗುತ್ತದೆ, ತೊಟ್ಟಿಗೆ ತುಂಬುತ್ತದೆ, ಕೊಟ್ಟಿಗೆಯ ದನ ಕುಡಿಯುತ್ತವೆ.

ಪಾಚಿ, ಜರಿಗಿಡ?

ಬೇಸಿಗೆಯಲ್ಲಿ ಗರಿಗರಿ ಒಣಗಿರುವಾಗ ತೆಂಗಿನ ನಾರಿನ ಬ್ರಷ್‌ನಲ್ಲಿ ಉಜ್ಜಿದರೆ ಉದುರುತ್ತದೆ. ಹಂಚಿನ ಮೇಲೆ ಪ್ರೆಷರ್ ವಾಷರ್ ಹೊಡೆಸಬೇಡಿ. ಹಳೆ ಹಂಚಿನ ಮೇಲ್ಪದರ ಕಿತ್ತುಹೋಗಿ ಇನ್ನೂ ಜಾಸ್ತಿ ನೀರು ಹೀರುತ್ತದೆ.

ದೋಣಿ ಖಾಲಿ ಇದೆ, ಕೆಳಗಿಳಿಯುವ ಪೈಪ್ ಕಟ್ಟಿದೆ.

ಮೇಲಿಂದ ಕೋಲು ಹಾಕಿ ಚುಚ್ಚಬೇಡಿ, ಕಸ ಬೆಂಡಿನಲ್ಲಿ ಇನ್ನಷ್ಟು ಬಿಗಿಯುತ್ತದೆ. ಪೈಪನ್ನು ತಟ್ಟುತ್ತಾ ಬನ್ನಿ. ಸದ್ದು ಎಲ್ಲಿ ಮಂದವಾಗುತ್ತದೋ ಅಲ್ಲೇ ಕಟ್ಟಿದೆ. ಹೆಚ್ಚಾಗಿ ಅದು ಕೆಳಗಿನ ಬೆಂಡೇ ಆಗಿರುತ್ತದೆ. ಅದನ್ನು ಬಿಚ್ಚಿ, ಕೆಳಗಿನಿಂದ ನೀರಿನ ಪೈಪ್ ತೂರಿಸಿ ಬಿಡಿಸಿ. ಮತ್ತೆ ಜೋಡಿಸುವಾಗ ಆ ಬೆಂಡಿಗೆ ಅಂಟು ಹಾಕಬೇಡಿ, ಒಂದು ಸ್ಕ್ರೂ ಸಾಕು. ಮುಂದಿನ ಸಲ ಬಿಚ್ಚಲು ಸುಲಭ.

ಕಸದಲ್ಲಿ ಹಾವು, ಚೇಳು, ಕಣಜ ಇದ್ದರೆ?

ಕೈ ಹಾಕುವ ಮೊದಲು ಕೋಲಲ್ಲಿ ಅಲುಗಾಡಿಸಿ, ಸ್ವಲ್ಪ ಹೊತ್ತು ಬಿಡಿ. ದಪ್ಪ ರಬ್ಬರ್ ಗ್ಲೌಸ್ ಕಡ್ಡಾಯ. ಇಲಿ ಓಡಾಡುವ ಜಾಗವಾದ್ದರಿಂದ ಕೈಗೆ ಗಾಯವಿದ್ದರೆ ಇಲಿ ಜ್ವರದ ಅಪಾಯವೂ ಇದೆ. ಬಾವಲಿ, ಪಾರಿವಾಳದ ಹಿಕ್ಕೆ ಇದ್ದರೆ ಮಾಸ್ಕ್ ಹಾಕಿ, ಹಿಕ್ಕೆಯ ಮೇಲೆ ಸ್ವಲ್ಪ ನೀರು ಚಿಮುಕಿಸಿ ತೆಗೆಯಿರಿ.

ಹೆಜ್ಜೇನು, ಕಣಜದ ಗೂಡು ಕಂಡರೆ ಅವತ್ತಿಗೆ ಕೆಲಸ ನಿಲ್ಲಿಸಿ. ಏಣಿಯ ಮೇಲಿರುವವರಿಗೆ ಓಡಲು ಜಾಗವಿಲ್ಲ. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಬೇಡ. ಕೈಕಾಲು ಅಲುಗಾಡಿಸದೆ 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಹೋಗಿ.

ದೋಣಿಯ ಮೇಲೆ ಬಲೆ ಹಾಕಿಸಿದರೆ ತೆಗೆಯುವ ಕೆಲಸವೇ ಇರುವುದಿಲ್ಲವಂತೆ?

ಹಾಗೆ ಹೇಳಿ ಮಾರುತ್ತಾರೆ. ನಮ್ಮ ಮಳೆಗೆ ನಾನು ಹಾಕಿಸಿ ಅನ್ನುವುದಿಲ್ಲ. ಒದ್ದೆ ಹಲಸಿನ ಎಲೆ ಬಲೆಗೆ ಅಂಟಿಕೊಂಡರೆ ನೀರು ಅದರ ಮೇಲಿಂದ ಹಾರಿ ಅಂಗಳಕ್ಕೆ ಬೀಳುತ್ತದೆ. ಗಾಳಿಮರದ ಎಳೆಗಳು ಬಲೆಯೊಳಗೇ ಸಿಕ್ಕಿಕೊಳ್ಳುತ್ತವೆ. ಸಣ್ಣ ಪುಡಿ ಒಳಗೆ ಹೋಗಿ ಮಣ್ಣಾಗುತ್ತದೆ, ಆಗ ತೆಗೆಯಲು ಬಲೆ ಬಿಚ್ಚಬೇಕು. ಪೈಪಿನ ಬಾಯಿಗೆ ಮಾತ್ರ ತಂತಿಯ ಉಬ್ಬು ಬಲೆ ಕೂರಿಸಿ, ಅದೂ ಆಗಾಗ ಕೋಲಿಗೆ ಎಟುಕುವ ಜಾಗವಾದರೆ. ದುಡ್ಡಿದ್ದರೆ ದೊಡ್ಡ ಪೈಪ್ ಹಾಕಿಸಿ. ಮಾಡಿನ ಮೇಲೆ ಚಾಚಿದ ಕೊಂಬೆ ಕಡಿಸಿ.

ಆರಿದ್ರ ಮಳೆ ಹೊಡೆಯುತ್ತಿದೆ, ರಾತ್ರಿ ಒಳಮೂಲೆಯಿಂದ ಮನೆಯೊಳಗೆ ನೀರು ಸುರಿಯುತ್ತಿದೆ.

ಹೊರಗೆ ಹತ್ತಬೇಡಿ. ಮೊದಲು ಆ ಕೋಣೆಯ ಮೇನ್ ಆಫ್ ಮಾಡಿ. ಸೋರುವ ಕಡೆ ಟಾರ್ಪಾಲನ್ನು ಓರೆಯಾಗಿ ಕಟ್ಟಿ, ಅದರ ತುದಿ ಕಿಟಕಿಗೋ ಪಾತ್ರೆಗೋ ಇಳಿಯಲಿ. ಕೆಳಗಿನ ಬೆಂಡ್ ಕೈಗೆ ಸಿಗುವಂತಿದ್ದರೆ ಬಿಚ್ಚಿಬಿಡಿ. ಎಷ್ಟೋ ಸಲ ಅಷ್ಟರಲ್ಲೇ ನೀರು ಇಳಿಯುತ್ತದೆ. ಉಳಿದದ್ದು ಬೆಳಗ್ಗೆ, ಮಳೆ ಹೊಳವಾದಾಗ, ಒಳಗಿನ ಕಿಂಡಿಯಿಂದ.

ಊರಲ್ಲಿ ಅಪ್ಪ ಅಮ್ಮ ಇಬ್ಬರೇ. ನಾವು ಬೆಂಗಳೂರಲ್ಲಿ. ಏನು ಮಾಡಬಹುದು?

ಈ ಪ್ರಶ್ನೆ ಈಗ ಬಹಳ ಮನೆಗಳದ್ದು. "ಯಾರೂ ಸಿಗಲಿಲ್ಲ, ನಾನೇ ಹತ್ತಿದೆ" ಅಂತ ಅಪ್ಪ ಫೋನಲ್ಲಿ ಹೇಳುವ ಮೊದಲೇ ಏರ್ಪಾಡು ಮಾಡಿ. ಮೇ ರಜೆಗೆ ಹೋದಾಗ ಮಾಡಿನ ಕೆಲಸ ಮೊದಲ ದಿನವೇ ಇಟ್ಟುಕೊಳ್ಳಿ. ಹೋಗಲಾಗದಿದ್ದರೆ ಕೊನೆ ಕೊಯ್ಯುವವರಿಗೆ ಏಪ್ರಿಲ್‌ನಲ್ಲೇ ಹೇಳಿಡಿ, ಕೂಲಿ ನೀವೇ ಕಳಿಸಿ, ಕೆಲಸ ಆದಮೇಲೆ ವಿಡಿಯೋ ತರಿಸಿಕೊಳ್ಳಿ. ಮನೆಯ ಹಳೆ ಮರದ ಏಣಿಯ ಮೆಟ್ಟಿಲು ಸಡಿಲವಾಗಿದ್ದರೆ ಅದನ್ನು ಮನೆಯಲ್ಲಿ ಇಡಲೇಬೇಡಿ.

ಎಟುಕದ ದೋಣಿಯನ್ನು ತೆಗೆದೇ ಹಾಕಿದರೆ?

ಒಳಮೂಲೆಯದ್ದು ತೆಗೆಯಲಾಗದು. ಹಿಂದಿನ ಅಂಚಿನದ್ದಾದರೆ ತೆಗೆಯಬಹುದು, ಕೆಲವು ಕಡೆ ಅದೇ ಸರಿ. ಸೂರು ಎರಡೂವರೆ ಮೂರಡಿ ಹೊರಗೆ ಚಾಚಿರಬೇಕು, ನೀರು ಬೀಳುವಲ್ಲಿ ಜಲ್ಲಿ ತುಂಬಿದ ಚರಂಡಿ ಇರಬೇಕು, ಚರಂಡಿಯ ಇಳಿಜಾರು ಮನೆಯಿಂದ ಹೊರಗೆ ಇರಬೇಕು. ಹಿಂದೆ ಧರೆ ಇದ್ದರೆ ಆ ನೀರು ಧರೆಯ ಬುಡ ಸೇರದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಧರೆ ಕುಸಿಯುತ್ತದೆ. ದೋಣಿ ಇಟ್ಟುಕೊಳ್ಳುವುದೇ ಆದರೆ ಅಲ್ಲಿಗೆ ಹೋಗಲು ಒಂದು ಖಾಯಂ ದಾರಿ ಮಾಡಿಸಿ: ಗೋಡೆಗೆ ಕಬ್ಬಿಣದ ಮೆಟ್ಟಿಲು, ಹಗ್ಗ ಕಟ್ಟಲು ಒಂದು ಗಟ್ಟಿ ಕೊಂಡಿ. ಮೇಸ್ತ್ರಿ ಬೇರೆ ಕೆಲಸಕ್ಕೆ ಬಂದಾಗಲೇ ಮಾಡಿಸಿಕೊಳ್ಳಬಹುದು.

ತೆಗೆದ ಕಸ ಏನು ಮಾಡುವುದು?

ಹಂಚಿನ ಚೂರು, ಮೊಳೆ, ಸ್ಕ್ರೂ ಆರಿಸಿ ತೆಗೆದು ಗೊಬ್ಬರಗುಂಡಿಗೆ ಹಾಕಿ. ದೋಣಿಯ ತಳದ ಕಪ್ಪು ಮಣ್ಣು ಹೂವಿನ ಕುಂಡಕ್ಕೂ ಚೆನ್ನಾಗಿರುತ್ತದೆ. ಸಿಮೆಂಟ್ ಶೀಟಿನ ಮಾಡಿನಿಂದ ಬಂದದ್ದಾದರೆ ತರಕಾರಿ ಮಡಿಗೆ ಹಾಕಬೇಡಿ, ಹಳೆ ಶೀಟಿನಲ್ಲಿ ಆಸ್ಬೆಸ್ಟಾಸ್ ಎಳೆಗಳಿರುತ್ತವೆ. ಅದನ್ನು ಒದ್ದೆ ಇರುವಾಗಲೇ ಚೀಲಕ್ಕೆ ತುಂಬಿ ಬಾಯಿ ಕಟ್ಟಿ, ಒಣಗಿಸಿ ಗುಡಿಸಬೇಡಿ.